ತಾಂಬೂಲದ ಚೀಲದ ಮೇಲಿನ ಹೆಸರು

ವನಜಾಕ್ಷಿಯ ಹೆಸರನ್ನು ನಾನು ಮೊದಲು ಕೇಳಿದ್ದು ಕುರುಬರಹಳ್ಳಿಯ ಒಂದು ನಾಮಕರಣದ ಮನೆಯಲ್ಲಿ. ಕೈಗೆ ಕೊಟ್ಟ ತಾಂಬೂಲದ ಚೀಲ ಗಟ್ಟಿ ಇದೆಯೇ ಎಂದು ಎಳೆದು ನೋಡುತ್ತಿದ್ದೆ. "ಎಳೀರಿ ಎಳೀರಿ, ನಿಮ್ಮ ಕೈಯೇ ಕಿತ್ತು ಬರುತ್ತೆ. ವನಜಾಕ್ಷಿ ಹಾಕಿದ ಹೊಲಿಗೆ ಬಿಡಲ್ಲ," ಎಂದು ಪಕ್ಕದಲ್ಲಿ ಕುಳಿತವರು ನಕ್ಕರು.

ಮರುವರ್ಷ ಅವಳೇ ನಮ್ಮ ಕೆಳಮನೆಗೆ ಬಾಡಿಗೆಗೆ ಬಂದಳು. ಅವಳು ಹೊಲಿದ ಪ್ರತಿ ಚೀಲದ ಮೇಲೂ ಅವಳ ವೆಬ್‌ಸೈಟಿನ ಹೆಸರು ಅಚ್ಚಾಗಿರುತ್ತಿತ್ತು. ಚೀಲ ಮೆಚ್ಚಿದವರು ಆ ಹೆಸರನ್ನು ಫೋನಿನಲ್ಲಿ ಒತ್ತಿ ಆರ್ಡರ್ ಕೊಡುತ್ತಿದ್ದರು. ಹೆಸರು ಕೊಟ್ಟ ಕಂಪನಿಯಲ್ಲಿ ಅದನ್ನು ವರ್ಷ ವರ್ಷ ನವೀಕರಿಸಬೇಕಂತೆ. ಈ ಸಲ ಬೇರೆ ಕಂಪನಿಗೆ ಹೋಗುತ್ತೇನೆ, ಹೆಸರು ಬಿಟ್ಟುಕೊಡಿ ಎಂದು ಕೇಳಿದಳು. ಹಳೆಯವರು ಇವತ್ತು ನಾಳೆ ಎನ್ನುತ್ತಲೇ ನವೀಕರಣದ ಗಡುವು ದಾಟಿಸಿ, ಆ ಹೆಸರನ್ನು ಇನ್ಯಾರಿಗೋ ಮಾರಿದರು. ಈಗ ಅದನ್ನು ಒತ್ತಿದರೆ ಇಸ್ಪೀಟಿನ ಜೂಜು ಬರುತ್ತದೆ.

ಆ ಕಂಪನಿಗಳನ್ನು ನೋಡಿಕೊಳ್ಳುವ ಮೇಲಿನವರಿಗೂ ಅವಳು ದೂರು ಬರೆದಳು. ಅವರು ಅದನ್ನು ಅದೇ ಕಂಪನಿಗೆ ಕಳಿಸಿದರು. ಎಲ್ಲ ನಿಯಮದಂತೆಯೇ ಆಗಿದೆ ಎಂದು ಕಂಪನಿ ಉತ್ತರ ಕೊಟ್ಟಿತು. ಅಲ್ಲಿಗೆ ಮುಗಿಯಿತು.

"ಅಳು ಬರ್ತಿಲ್ವೇನೇ?" ಎಂದು ಕೇಳಿದೆ.

"ಇಲ್ಲಮ್ಮ. ಏನೂ ಬರ್ತಿಲ್ಲ," ಎಂದು ಮಿಷಿನ್ ಸೂಜಿಗೆ ದಾರ ಪೋಣಿಸಿದಳು.

ಆರ್ಡರುಗಳು ನಿಂತವು. ಕೆಂಗೇರಿಯ ಕಡೆ ಗಾರ್ಮೆಂಟ್ಸ್ ಕೆಲಸ ಹಿಡಿದು ಮನೆ ಖಾಲಿ ಮಾಡಿದಳು. ಮಿಷಿನ್ನು ಲಗೇಜ್ ಆಟೋಗೆ ಹತ್ತಿದ ಮೇಲೆ ನನ್ನ ಕೈಯನ್ನೇ ನೋಡುತ್ತಾ ನಿಂತಳು. ನಾನು ತರಕಾರಿಗೆ ಹೊರಟಿದ್ದೆ, ಕೈಯಲ್ಲಿ ಅವಳದೇ ಚೀಲವಿತ್ತು.

"ಅಮ್ಮ, ಇನ್ಮೇಲೆ ಆ ಚೀಲನ ಒಳಗಡೆದು ಹೊರಗೆ ಮಾಡಿ ಹಿಡ್ಕೊಳ್ಳಿ. ಹೆಸರು ಕಾಣೋದು ಬೇಡ."