ಸಿಂದಗಿಯ ಕೇಬಲ್‌ನಲ್ಲಿ ನಿಂತುಹೋದ ಹಾಡು

ಮದುವೆಯಾಗಿ ಸಿಂದಗಿಗೆ ಬಂದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಕೇಳಿದ ಮೊದಲ ಮಾತು, "ಹಾಡಾಕ ಬರ್ತೈತೇನ ನಿನಗ?" ಎಂದು. ಅಡುಗೆಯ ಬಗ್ಗೆ ಅವರು ಕೇಳಲೇ ಇಲ್ಲ. ಇಂಡಿ ಕಡೆಯ ಹಳ್ಳಿಯೊಂದರಲ್ಲಿ ಬೆಳೆದ ನನಗೆ ಅವ್ವನಿಂದ ಕಲಿತ ಬೀಗರ ಹಾಡುಗಳು ಬರುತ್ತಿದ್ದವು. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಕೆಣಕುತ್ತ ಹಾಡುವ ಹಾಡುಗಳು ಅವು. ಒಂದನ್ನು ಹಾಡಿ ತೋರಿಸಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಂದಿನಿಂದ ನಮ್ಮಿಬ್ಬರ ನಡುವೆ ಬಿಗುವು ಎನ್ನುವುದು ಉಳಿಯಲಿಲ್ಲ.

ಆಗ ನಾನು ಸಮೀಪದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಕ್ಯಾಸೆಟ್ಟುಗಳ ಕಾಲ ಮುಗಿಯುತ್ತ ಬಂದು ಸಿ.ಡಿ.ಗಳು ಬಂದಿದ್ದವು. ಮುದ್ದೇಬಿಹಾಳದಲ್ಲಿ ನೆಂಟರ ಮದುವೆಯೊಂದರಲ್ಲಿ ನಾನು ಹಾಡಿದ್ದನ್ನು ಕೇಳಿದ ಸಿ.ಡಿ. ಅಂಗಡಿಯವರೊಬ್ಬರು ಮನೆಯವರೆಗೂ ಬಂದರು. ಜಾನಪದ ಹಾಡುಗಳ ಆಲ್ಬಮ್ ಮಾಡುತ್ತೇನೆ, ನಿಮ್ಮ ದನಿ ಬೇಕು ಎಂದರು. ನನ್ನ ಗಂಡ ತಾಯಿಯ ಮುಖ ನೋಡಿದರು.

"ಹಾಡಾಕ ಏನ ಅಡ್ಡಿ?" ಎಂದರು ಅತ್ತೆ. "ಆದ್ರ ಆಕಿ ಮಾರಿ ಟಿವ್ಯಾಗ ಬರಬಾರ್ದು. ನೌಕರಿ ಮಾಡಾಕಿ ಅದಾಳ."

ಅಂಗಡಿಯವರು ಒಪ್ಪಿದರು. ವಿಜಯಪುರದ ಒಂದು ಸಣ್ಣ ಸ್ಟುಡಿಯೋದಲ್ಲಿ ಹಾಡಿ ಬಂದೆ. ಅತ್ತೆಯೂ ಜೊತೆಗೆ ಬಂದು, ಗಾಜಿನ ಆಚೆ ಮಜ್ಜಿಗೆಯ ಚರಿಗೆ ಇಟ್ಟುಕೊಂಡು ಕುಳಿತಿದ್ದರು. ಸಂತೆಗೆ ಹೋಗಿ ಬರಿಗೈಲಿ ಬಂದ ಗಂಡನನ್ನು ಹೆಂಡತಿ ಬಾವಿಯ ಕಟ್ಟೆಯ ಮೇಲೆ ಕುಳಿತು ಗೇಲಿ ಮಾಡುವ ಹಾಡು ಅದು. ಚಿತ್ರೀಕರಣಕ್ಕೆ ಬಸವನ ಬಾಗೇವಾಡಿಯಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಕಲಾವಿದೆಯೊಬ್ಬರನ್ನು ಕೊಲ್ಹಾರದ ಹೊಳೆಯ ದಂಡೆಗೆ ಕರೆದೊಯ್ದರಂತೆ. ನಾನು ಆಗಿನ್ನೂ ಅವರನ್ನು ನೋಡಿರಲಿಲ್ಲ.

ಸಿ.ಡಿ. ಬಂದ ದಿನ ಓಣಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಮೊದಲ ನುಡಿ ಚೆನ್ನಾಗಿಯೇ ಇತ್ತು. ಎರಡನೆಯ ನುಡಿಗೆ ಆ ಕಲಾವಿದೆಯ ತಲೆಯ ಮೇಲೆ ಯಾರೋ ಕೊಡದಿಂದ ನೀರು ಸುರಿದರು. ಅಲ್ಲಿಂದ ಹಾಡು ಮುಗಿಯುವವರೆಗೂ ಕ್ಯಾಮೆರಾ ಒದ್ದೆ ಸೀರೆಯನ್ನು ಬಿಟ್ಟು ಕದಲಲಿಲ್ಲ. ನನ್ನ ದನಿ ಮಾತ್ರ ಗಂಡನನ್ನು ಬಳೆ ಯಾಕೆ ತರಲಿಲ್ಲ ಎಂದು ಕೇಳುತ್ತಲೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಅತ್ತೆ ಟಿವಿ ಆರಿಸಿ, ಜೋಳ ಹಸನು ಮಾಡಲು ಕುಳಿತರು.

ಊರಿನ ಕೇಬಲ್‌ನವರು ಅದನ್ನು ಮಧ್ಯಾಹ್ನ, ಸಂಜೆ ಹಾಕತೊಡಗಿದರು. ಹೋಟೆಲುಗಳಲ್ಲಿ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅದೇ ಹಾಡು. ದನಿ ನನ್ನದೆಂದು ಶಾಲೆಯ ಊರಿಗೂ ಗೊತ್ತಾಯಿತು. ನನ್ನ ಶಾಲೆಯ ಅಂಗಳದಲ್ಲಿ ಒಂದು ಹುಡುಗಿ ತಂಬಿಗೆಯ ನೀರನ್ನು ತಲೆಗೆ ಸುರಿದುಕೊಂಡು ಕುಣಿದಳು. ಅವಳ ತಂದೆ ಮರುದಿನ ಊರ ಹಿರಿಯರೊಂದಿಗೆ ಬಂದರು. ಇಂಥ ಹಾಡು ಹಾಡುವವರು ನಮ್ಮ ಮಕ್ಕಳಿಗೆ ಏನು ಕಲಿಸಿಯಾರು ಎಂದು ಅವರು ಹೆಡ್‌ಮಾಸ್ತರರನ್ನು ಕೇಳಿದರು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಅಕ್ಕಾರ, ಮ್ಯಾಲಿನವರಿಗೆ ಸುದ್ದಿ ಹೋಗೂದ್ರೊಳಗ ಏನಾರ ಮಾಡ್ರಿ," ಎಂದರು. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕುಳಿತಿದ್ದೆ.

ಆ ವಾರವೇ ಕೆಲವು ಯುವಕರು ಬಸ್ ನಿಲ್ದಾಣದ ಎದುರು ಸಿ.ಡಿ.ಗಳನ್ನು ತುಳಿದು ಮುರಿದರು. ಹಾಡನ್ನೇ ನಿಲ್ಲಿಸಬೇಕು, ಹಾಡಿದವಳೂ ಕುಣಿದವಳೂ ಎಲ್ಲರೆದುರು ಕ್ಷಮೆ ಕೇಳಬೇಕು ಎಂದು ಪಟ್ಟು ಹಿಡಿದರು. ಕೇಬಲ್‌ನವರು ಹೆದರಿ ಹಾಡು ನಿಲ್ಲಿಸಿದರು. ಮಾತಾಡಿ ಬಗೆಹರಿಸೋಣ ಎಂದು ಆ ಯುವಕರನ್ನು, ಸಿ.ಡಿ. ಅಂಗಡಿಯವರನ್ನು, ನಮ್ಮನ್ನು, ಎಲ್ಲರನ್ನೂ ತಮ್ಮ ಆಫೀಸಿಗೆ ಕರೆದರು.

ನಾನು ಹೋಗಲಾರೆ ಎಂದೆ. ಅತ್ತೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನೀ ಬರಲಿಲ್ಲಂದ್ರ ಅವ್ರು ಅಂದದ್ದ ಖರೆ ಆಗ್ತೈತಿ. ನಡಿ, ನಾ ಇದ್ದೇನಿ," ಎಂದರು.

ಕೇಬಲ್ ಆಫೀಸಿನಲ್ಲಿ ಆ ಕಲಾವಿದೆ ಮೊದಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಬಣ್ಣವಿಲ್ಲದ ಮುಖ, ನೂಲಿನ ಸೀರೆ. ಕುರ್ಚಿಗಳು ಖಾಲಿ ಇದ್ದರೂ ಯಾರೂ ಅವರಿಗೆ ಕೂಡಲು ಹೇಳಿರಲಿಲ್ಲ. ಅತ್ತೆ ತಮ್ಮ ಪಕ್ಕದ ಕುರ್ಚಿಯನ್ನು ಎಳೆದು, "ಬಾ ತಂಗಿ, ಇಲ್ಲಿ ಕೂಡು," ಎಂದರು. ಅವರು ಹಿಂಜರಿಯುತ್ತಲೇ ಬಂದು ತುದಿಯಲ್ಲಿ ಕುಳಿತರು.

ಯುವಕರಲ್ಲಿ ಮುಂದಾಳಾಗಿದ್ದವನು ಮಾತು ಶುರು ಮಾಡಿದ. "ಕಾಕು, ನಿಮ್ಮ ಮನಿತನಾ ದೊಡ್ಡದು. ಸೊಸಿ ಕಡಿಂದ ಇಂಥಾ ಹೊಲಸ ಹಾಡು ಹಾಡಸೂದಾ?"

"ಹೊಲಸ ಶಬ್ದ ಯಾವದಪಾ ಅದರಾಗ?" ಎಂದು ಕೇಳಿದ ಅತ್ತೆ, ಅವನ ಉತ್ತರಕ್ಕೆ ಕಾಯದೆ ತಾವೇ ಹಾಡತೊಡಗಿದರು.

"ಸಂತೀಗೆ ಹೋದಾಂವ ಸಂಜೀಗೆ ಬಂದಾನ, ಬಳಿ ಇಲ್ಲ ಕುಬಸಿಲ್ಲ ಬರಿಗೈಲೆ ನಿಂತಾನ..."

ವಯಸ್ಸಿನಿಂದ ದನಿ ಒಡೆದಿತ್ತು. ಆದರೂ ಪೂರ್ತಿ ಹಾಡಿದರು. ಒಳಗೆ ಯಂತ್ರಗಳ ಮುಂದೆ ಕುಳಿತಿದ್ದವರೂ ಎದ್ದು ಬಂದು ಕೇಳಿದರು. ಮುಗಿದ ಮೇಲೆ, "ಈಗ ಹೇಳು, ಯಾವದು?" ಎಂದರು. ಅವನು ತಲೆ ತಗ್ಗಿಸಿ, ತನ್ನ ಅಕ್ಕನ ಮದುವೆಯಲ್ಲಿಯೂ ಇದನ್ನು ಹಾಡಿದ್ದರೆಂದು ಮೆಲ್ಲಗೆ ಹೇಳಿದ.

"ಹಂಗಾರ ಹಾಡು ಇರಲಿ. ಆ ನೀರಿನ ಚಿತ್ರ ತಗೀರಿ. ಅದು ನನಗೂ ಸೇರಿಲ್ಲ," ಎಂದರು ಅತ್ತೆ.

"ಮತ್ತ ಕುಣದಾಕಿ ಕ್ಷಮಾ ಕೇಳ್ಬೇಕಲ್ರಿ?" ಎಂದ ಇನ್ನೊಬ್ಬ.

ಆ ಕಲಾವಿದೆ ಆಗ ಮೊದಲ ಬಾರಿಗೆ ಬಾಯಿ ಬಿಟ್ಟರು. "ನೀರ ಹಾಕ್ತಾರಂತ ನನಗ ಮದಲ ಹೇಳಿರಲಿಲ್ರಿ. ಬ್ಯಾಡಂದೆ. ಎಲ್ಲಾರೂ ನಿಂತಾರ, ಬೆಳಕ ಹೋಗಾಕತ್ತೈತಿ ಅಂದ್ರು. ಆಮ್ಯಾಲೆ ಜ್ವರಾ ಬಂದು ಮಲಕೊಂಡೆ. ಯಾರೂ ಕೇಳಾಕ ಬರಲಿಲ್ಲ." ಅಳಲಿಲ್ಲ. ಬಸ್ಸಿನ ವೇಳೆ ಹೇಳುವಷ್ಟು ಸಮಾಧಾನದಿಂದ ಹೇಳಿದರು.

ಅತ್ತೆ ಸಿ.ಡಿ. ಅಂಗಡಿಯವರ ಕಡೆ ತಿರುಗಿದರು. "ಹಂಗಾರ ಕ್ಷಮಾ ಯಾರ ಕೇಳಬೇಕ್ರಿ?"

ಅಂಗಡಿಯವರು ಎದ್ದು ಆ ಕಲಾವಿದೆಗೆ ಕೈಮುಗಿದು, "ತಪ್ಪಾತವ್ವ," ಎಂದರು. ಚಿತ್ರವನ್ನು ಬೇರೆ ತೆಗೆಸುತ್ತೇನೆ, ಈ ಸಲ ಬೇರೆ ಹುಡುಗಿಯನ್ನು ಹಾಕುತ್ತೇನೆ ಎಂದೂ ಸೇರಿಸಿದರು. ಊರವರ ಬಾಯಿ ಮುಚ್ಚಿಸಲು ಅದೇ ಒಳ್ಳೆಯದೆಂದು ಅವರಿಗೆ ಅನಿಸಿರಬೇಕು.

"ಬ್ಯಾರೆದಾಕಿ ಯಾಕ?" ಎಂದರು ಅತ್ತೆ. "ಈಕಿನ ಇರಬೇಕು. ಈಕಿ ಇಲ್ಲಂದ್ರ ನನ್ನ ಸೊಸಿ ದನಿನೂ ಇಲ್ಲ."

ಅದು ನನ್ನ ಪರವಾಗಿ ಅವರು ಆಡಿದ ಮಾತು. ನನ್ನನ್ನು ಕೇಳಿರಲಿಲ್ಲ. ಆದರೆ ನನ್ನ ಬಾಯಿಂದ ಬರಬೇಕಾಗಿದ್ದ ಮಾತು ಅದೇ ಎಂದು ಆ ಕ್ಷಣ ಅನಿಸಿತು. "ಹೌದ್ರಿ," ಎಂದೆ. ಆ ಸಭೆಯಲ್ಲಿ ನಾನು ಆಡಿದ್ದು ಅದೊಂದೇ ಮಾತು.

ಹೊಸ ಚಿತ್ರವನ್ನು ನಮ್ಮ ಹೊಲದ ಬಾವಿಯ ಹತ್ತಿರ ತೆಗೆದರು. ನಮ್ಮ ಓಣಿಯ ಹೆಂಗಸರೇ ಕೊಡ ಹಿಡಿದು ಸುತ್ತ ನಿಂತರು. ಆ ಕಲಾವಿದೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಡನ ಪಾತ್ರದವನನ್ನು ಎಂಥ ನೋಟದಲ್ಲಿ ಗೇಲಿ ಮಾಡಿದರೆಂದರೆ, ನಿಂತ ಹೆಂಗಸರಿಗೆ ನಗು ತಡೆಯಲಾಗದೆ ಚಿತ್ರವನ್ನು ಮತ್ತೆ ಮತ್ತೆ ತೆಗೆಯಬೇಕಾಯಿತು. ನಾಟಕದ ಹೆಣ್ಣು ಎಂದು ಮೊದಲು ದೂರ ನಿಂತಿದ್ದವರು ಮಧ್ಯಾಹ್ನ ಅವರೊಡನೆ ಒಂದೇ ಸಾಲಿನಲ್ಲಿ ಕುಳಿತು ರೊಟ್ಟಿ ಪುಂಡಿಪಲ್ಯ ತಿಂದರು.

ಕೇಬಲ್‌ನಲ್ಲಿ ಹಾಡು ಮತ್ತೆ ಬಂತು. ಮೊದಲಿನಷ್ಟು ಓಡಲಿಲ್ಲ ಎನ್ನುವುದೂ ನಿಜ. ಹಳೆಯ ಸಿ.ಡಿ. ಕೆಲವು ಅಂಗಡಿಗಳಲ್ಲಿ ಕದ್ದುಮುಚ್ಚಿ ಮಾರಾಟವಾಗುತ್ತಲೇ ಇತ್ತು. ಶಾಲೆಯ ಊರಿನಲ್ಲಿ ಒಬ್ಬಿಬ್ಬರು ಬಹಳ ದಿನ ನನ್ನ ನಮಸ್ಕಾರಕ್ಕೆ ಮಾರುತ್ತರ ಕೊಡಲಿಲ್ಲ. ಆದರೆ ನೀರು ಸುರಿದುಕೊಂಡು ಕುಣಿದಿದ್ದ ಹುಡುಗಿಯ ತಾಯಿ ಒಂದು ದಿನ ಬಂದು, "ಅಕ್ಕಾರ, ನನ್ನ ತಂಗಿ ಲಗ್ನಕ್ಕ ಬಂದು ಹಾಡ್ರಿ," ಎಂದು ಕರೆದಳು. ಹೋದೆ. ಅವಳ ಗಂಡನೇ ನನಗೆ ಕುಂಕುಮ ಹಚ್ಚಿಸಲು ಹೆಂಗಸರನ್ನು ಕೂಗಿ ಕರೆದ.

ಕಂಪನಿಯ ಬಿಡಾರ ನಮ್ಮ ಕಡೆ ಬಂದಾಗಲೆಲ್ಲ ಆ ಕಲಾವಿದೆ ನಮ್ಮ ಮನೆಗೆ ಬರುತ್ತಿದ್ದರು. ಅತ್ತೆ ಅವರಿಗೆ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದರು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳಿದವರು ಅವರೇ. ಸೋದರತ್ತೆ ಹೇಳಬೇಕಾದ ಹೆಸರು ಅದು. ನನ್ನ ಗಂಡನಿಗೆ ಅಕ್ಕತಂಗಿಯರಿರಲಿಲ್ಲ. ಅತ್ತೆ, "ಈಕಿ ಅದಾಳಲ್ಲ," ಎಂದು ಅವರನ್ನು ಮುಂದೆ ಕರೆದರು. ಬಂದ ನೆಂಟರಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಆ ಕಲಾವಿದೆ ಮಗುವಿನ ಮೇಲೆ ಬಾಗಿ ಹೆಸರು ಹೇಳಿದರು. ಹಿಂದಿನಿಂದ ಹೆಂಗಸರು ಪದ್ಧತಿಯಂತೆ ಅವರ ಬೆನ್ನಿಗೆ ಗುದ್ದಿದರು. ಅವರು ಬೆನ್ನು ನೀವಿಕೊಳ್ಳುತ್ತ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.