ಸೊಸೆಯ ಪಾಲಿನ ಅಂಜೂರ

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗುಂಡಿಯಮ್ಮ. ಗಂಡ ತೀರಿಕೊಂಡ ಮೇಲೆ, ಮಗ ಉಂಡು ಮಿಕ್ಕಿದ್ದನ್ನೇ ಉಂಡು ಅವನನ್ನು ದೊಡ್ಡವನನ್ನಾಗಿ ಮಾಡಿದವಳು.

ಸೊಸೆ ಬಸುರಿಯಾದಳು. ರಕ್ತ ಕಡಿಮೆ ಇದೆಯೆಂದು ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಜೊತೆಗೆ ಒಣ ಅಂಜೂರ, ಒಣದ್ರಾಕ್ಷಿ, ಖರ್ಜೂರ ದಿನಾ ಸ್ವಲ್ಪ ತಿನ್ನಲು ಹೇಳಿದರು. ಮಗ ಡಬ್ಬಿ ತುಂಬ ತಂದಿಟ್ಟ.

ಒಂದು ಮಧ್ಯಾಹ್ನ ಮನೆಗೆ ಬಂದ ಗುಂಡಿಯಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಸುಧಾರಿಸಿಕೊಂಡು, ಡಬ್ಬಿಯಿಂದ ಒಂದು ಅಂಜೂರ ತೆಗೆದು ಬಾಯಿಗಿಟ್ಟಳು. ಪ್ರಾಣ ಬಂದಂತಾಯಿತು. ಮರುದಿನ ಕಾಲು ತಾನಾಗಿಯೇ ಅಡುಗೆಮನೆಗೆ ಹೋಯಿತು. ಕದ್ದು ಹಾಲು ಕುಡಿಯುವ ಬೆಕ್ಕು ಕಣ್ಣಾದರೂ ಮುಚ್ಚಿಕೊಳ್ಳುತ್ತದೆ. ಇವಳು ಸೊಸೆಯ ಕೋಣೆಯ ಬಾಗಿಲ ಮೇಲೆ ಕಣ್ಣಿಟ್ಟೇ ತಿನ್ನುತ್ತಿದ್ದಳು.

ಮುಂದಿನ ಪರೀಕ್ಷೆಯಲ್ಲೂ ಸೊಸೆಯ ರಕ್ತ ಏರಿರಲಿಲ್ಲ. ಮಗ ಹೆಂಡತಿಯ ಮೇಲೆ ರೇಗಿದ.

"ಡಬ್ಬಿ ಖಾಲಿಯಾಗ್ತಿದೆ, ರಕ್ತ ಮಾತ್ರ ಏರ್ತಿಲ್ಲ. ಎಲ್ಲಾ ತವರಿಗೆ ಸಾಗಿಸ್ತಿದೀಯಾ?"

ಸೊಸೆ ತಲೆತಗ್ಗಿಸಿ ನಿಂತಳು. ಗುಂಡಿಯಮ್ಮ ಪಾತ್ರೆ ಜೋಡಿಸುವ ನೆಪದಲ್ಲಿ ಮಗನಿಗೆ ಇನ್ನೂ ಎರಡು ಮಾತು ಬೈಯಲು ಬಿಟ್ಟಳು. ಸೊಸೆಯ ಕಣ್ಣಲ್ಲಿ ನೀರು ಕಂಡಾಗ ಅವಳ ಕಿವಿ ನಾಚಿಕೆಗೆ ಕಾದು ಕೆಂಡವಾಯಿತು.

"ಅವಳನ್ನ ಬೈಬೇಡ್ವೋ. ತಿಂದಿದ್ದು ನಾನು."

"ನೀನಾ?" ಎಂದ ಮಗ. ಆ ಒಂದೇ ಮಾತಿಗೆ ಅವಳು ಭೂಮಿಗಿಳಿದು ಹೋದಳು.

"ನಂಗೊತ್ತಿತ್ತು ಅತ್ತೆ," ಎಂದಳು ಸೊಸೆ. "ಕೇಳಿದ್ರೆ ನೊಂದ್ಕೋತೀರ ಅಂತ ಸುಮ್ಮನಿದ್ದೆ. ನನ್ನದೂ ತಪ್ಪಿದೆ. ವಾಕರಿಕೆ ಬರುತ್ತೆ ಅಂತ ಮಾತ್ರೆ ಬಿಟ್ಬಿಟ್ಟಿದ್ದೆ. ನಾಳೆ ನೀವೂ ಡಾಕ್ಟರ ಹತ್ರ ಬನ್ನಿ. ನಿಮ್ಮ ಮುಖ ಬಿಳಿಚಿಕೊಂಡಿದೆ."

ಬೈದಿದ್ದರೆ ಗುಂಡಿಯಮ್ಮ ತಡೆದುಕೊಳ್ಳುತ್ತಿದ್ದಳು. ಈ ಕರುಣೆಯನ್ನು ಎಲ್ಲಿಡುವುದೋ ತಿಳಿಯಲಿಲ್ಲ.

ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಸೊಸೆಗಿಂತ ಅತ್ತೆಗೇ ರಕ್ತ ಕಡಿಮೆ ಇತ್ತು.

"ಒಣಹಣ್ಣು ಒಳ್ಳೇದೇ ಅಮ್ಮಾ. ಕಬ್ಬಿಣ ಇದೆ, ನಾರಿದೆ, ಹೊಟ್ಟೆಗೂ ಹಿತ. ಆದ್ರೆ ಸಕ್ಕರೆಯೂ ಜಾಸ್ತಿ, ಮಿತವಾಗಿರ್ಲಿ. ಇಷ್ಟು ಕಡಿಮೆ ರಕ್ತ ಬರೀ ಹಣ್ಣಿಂದ ತುಂಬಲ್ಲ. ಇಬ್ರೂ ತಪ್ಪದೆ ಮಾತ್ರೆ ತಗೊಳ್ಳಿ" ಎಂದರು.

ಸೊಸೆಗೆ ಹೆಣ್ಣುಮಗು ಹುಟ್ಟಿತು, ಗುಂಡುಗುಂಡಾಗಿ. ಮನೆಯವರು ಆ ಸಂಗತಿ ಮರೆತರು. ಈಗ ಸೊಸೆ ದಿನಾ ಬೆಳಿಗ್ಗೆ ನೆನೆಸಿದ ಅಂಜೂರವನ್ನು ಎರಡು ಬಟ್ಟಲಿಗೆ ಹಾಕುತ್ತಾಳೆ. ಗುಂಡಿಯಮ್ಮ ತನ್ನದನ್ನು ತಿನ್ನುತ್ತಾಳೆ, ಮುಖ ಮಾತ್ರ ಕಿಟಕಿಯ ಕಡೆಗೆ ತಿರುಗಿಸಿಕೊಂಡು.