ಬೂಷ್ಟೆಂದು ಕೆರೆದ ಚುಕ್ಕಿಗಳು

ಸಾವಿತ್ರಕ್ಕ ಏನನ್ನೇ ಆಗಲಿ ಮೊದಲು ಅಂಚಿನಿಂದ ನೋಡುತ್ತಿದ್ದಳು. ತಟ್ಟೆಗೆ ಬಿದ್ದ ರೊಟ್ಟಿಯನ್ನೂ, ತನ್ನನ್ನು ನೋಡಲು ಬಂದ ಗಂಡನ್ನೂ. “ಅಂಚು ಸರಿಗಿದ್ರೆ ನಡುವೆ ಏನಿದ್ರೂ ಸಂಭಾಳಿಸ್ಬೋದು ಕಣ್ಲಾ” ಎನ್ನುವಳು. ಆ ಗಂಡಿನ ಅಂಚು ಸರಿಯಿರಲಿಲ್ಲವಂತೆ. ಮದುವೆಯೇ ಆಗಲಿಲ್ಲ.

ಬಿಳಿಗೆರೆಯ ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟು ಕೊಬ್ಬರಿಗೆ ಕೈ ಹಾಕಿದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಒಂದು ಹಂಗಾಮಿ ಕೆಲಸ ಸಿಕ್ಕಿತು. ದೊಡ್ಡ ದುರ್ಬೀನಿನಿಂದ ಗಾಜಿನ ಹಲಗೆಯ ಮೇಲೆ ತೆಗೆದ ಆಕಾಶದ ಫೋಟೋಗಳಲ್ಲಿ ಯಾವುದು ನಕ್ಷತ್ರ, ಯಾವುದು ಗ್ಯಾಲಕ್ಸಿ ಎಂದು ಭೂತಗನ್ನಡಿ ಹಿಡಿದು ಬೇರೆ ಮಾಡಬೇಕು.

“ಗ್ಯಾಲಕ್ಸಿ ಅಂದ್ರೇನಕ್ಕ?”

“ಕೋಟಿಗಟ್ಲೆ ನಕ್ಷತ್ರ ಇರೋ ಊರು. ದೂರಕ್ಕೆ ಒಂದೇ ಚುಕ್ಕಿ ಥರ ಕಾಣ್ತೈತೆ.”

ಒಂದು ಮಳೆಗಾಲ ರಜೆಗೆ ಬಂದಾಗ ಅಂಥ ಫೋಟೋದ ಕಾಗದದ ಪ್ರತಿ ತಂದಿದ್ದಳು. ನೆಗೆಟಿವ್‌ನಂತೆ ಬಿಳಿ ಆಕಾಶ, ಕಪ್ಪು ಚುಕ್ಕಿಗಳು. ತುರುವೇಕೆರೆಗೆ ನೆಂಟರ ಮದುವೆಗೆ ಹೊರಟವಳು, “ಟ್ರಂಕಿನಾಗಿಡ್ಲಾ, ತಂಡಿ ತಾಕ್ಬಾರ್ದು” ಎಂದಳು. ನಾನು ಸೋಮಾರಿ. ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟಿದ್ದ ಕಾಯಿಗಳ ಮೇಲೆ ಇಟ್ಟುಬಿಟ್ಟೆ.

ಮಾರನೆಯ ದಿನ ತೆಗೆದು ನೋಡಿದರೆ ತಂಡಿ ತಾಕಿಯೇ ಬಿಟ್ಟಿದೆ ಅನ್ನಿಸಿತು. ಕೆಲವು ಚುಕ್ಕಿಗಳು ಸಾಸಿವೆಯಂತೆ ಗಟ್ಟಿಯಾಗಿದ್ದವು. ಉಳಿದವು ಅಂಚು ಕದಡಿ, ಕೊಬ್ಬರಿಗೆ ಹತ್ತುವ ಬೂಷ್ಟಿನಂತೆ ಹರಡಿದ್ದವು. ಕೊಬ್ಬರಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಚಾಕುವಿನ ಮೊನೆಯಿಂದ ಕಣ್ಣಿಗೆ ಕಂಡ ಬೂಷ್ಟನ್ನೆಲ್ಲ ಕೆರೆದೆ. ಅಕ್ಕ ಬಂದು ಕೇಳಿದಾಗ, “ಜಿರಲೆ ತಿಂದಿರ್ಬೇಕು” ಎಂದೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಚೀಲಕ್ಕಿಟ್ಟುಕೊಂಡಳು.

ಆರು ತಿಂಗಳಿಗೆ ಅವಳ ಕೆಲಸ ಹೋಯಿತು. ತಿಪಟೂರಿನ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ ಆದಳು. ನನ್ನಿಂದಲೇ ಹೀಗಾಯಿತೆಂದು ವರ್ಷಗಟ್ಟಲೆ ಅವಳೆದುರು ಕೂರಲಾಗಲಿಲ್ಲ. ಹಬ್ಬಕ್ಕೆ ಕಾಯಿ ಕೊಟ್ಟು ಬಾಗಿಲಿನಿಂದಲೇ ಹಿಂತಿರುಗುತ್ತಿದ್ದೆ.

ಅವಳು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹೇಳಿಬಿಟ್ಟೆ. “ಅಕ್ಕ, ಅವತ್ತು ಫೋಟೋ ಕೆಡಿಸಿದ್ದು ಜಿರಲೆ ಅಲ್ಲ, ನಾನು. ನಿನ್ ಕೆಲ್ಸ ಕಳೆದೋನೂ ನಾನೇ.”

“ಜಿರಲೆಗೆ ಚಾಕು ಹಿಡ್ಯಾಕೆ ಬತ್ತದಾ?” ಎಂದಳು ಅಕ್ಕ. “ಅದು ಬರೀ ನಕಲು ಕಣ್ಲಾ, ಕೈ ಪಳಗ್ಲಿ ಅಂತ ತಂದಿದ್ದು. ಚುಕ್ಕಿ ಎಣ್ಸಾಕೆ ಮಿಷನ್ ಬಂತು, ನಮ್ಮನ್ನೆಲ್ಲ ಬುಟ್ರು. ಅದ್ರಾಗೆ ನಿಂದೇನೈತೆ?”

ನಾನು ಅಲ್ಲೇ ನೆಲದ ಮೇಲೆ ಕೂತೆ.

“ಇನ್ನೊಂದು ಕೇಳು. ಬೆಂಗ್ಳೂರಿಗೆ ಹೋದ್ಮೇಲೆ ಆ ಕಾಗದ ಗಾಜಿನ ಹಲಗೆ ಪಕ್ಕದಾಗಿಟ್ಟು ನೋಡಿದ್ದೆ. ಅಂಚು ಕದಡಿದ್ರೆ ಗ್ಯಾಲಕ್ಸಿ, ಅದೇ ಗುರ್ತು. ನೀನು ಕೆರೆದಿದ್ದೆಲ್ಲ ಗ್ಯಾಲಕ್ಸಿನೇ. ಒಂದು ಮಾತ್ರ ತಪ್ಪಿದ್ದೆ, ಎರಡು ನಕ್ಷತ್ರ ಅಂಟ್ಕೊಂಡಿದ್ವು. ಅಲ್ಲಿ ನಾನೂ ಮೋಸ ಹೋಗಿದ್ದೆ.”

“ಇಷ್ಟು ವರ್ಷ ಹೇಳ್ಬಾರ್ದಿತ್ತಾ?”

“ನೀನು ಕೂತಿದ್ರೆ ತಾನೆ.”

ಅವತ್ತು ದೀಪ ಹಚ್ಚುವವರೆಗೂ ಕೂತಿದ್ದೆ. ಮುಂದಿನ ವಾರ ಅವಳು ತೀರಿಕೊಂಡಳು.